ಗಂಗಾರಾಮನ ದನಿ

೨೦೧೩ರ ಡಿಸೆಂಬರ್ ಒಂಬತ್ತರ ಬೆಳಿಗ್ಗೆ ಅಣ್ಣಾಸಾಬ ಸದಲಗಾ ಠಾಣೆಗೆ ಬಂದ. ಅಣ್ಣ ಗಂಗಾರಾಮ ವಾರದಿಂದ ಕಣ್ಣಿಗೆ ಬಿದ್ದಿಲ್ಲ, ಆದರೆ ಫೋನು ಮಾಡುತ್ತಾನೆ ಎಂದು ದೂರು.

"ಮಾತಾಡ್ತಾನಂದ್ರ ಕಾಣೆಯಾಗಿದ್ದು ಹ್ಯಾಂಗ?" ಪಿಎಸ್‌ಐ ಸುಗಂಧಾ ಕೇಳಿದಳು.

"ದನಿ ದಾದಾಂದ ಐತ್ರಿ ಮೇಡಂ. ಆದ್ರ ಕೇಳಿದ್ರ ಮೈ ಜುಮ್ಮ್ ಅಂತೈತಿ."

ತಂಬಾಕಿನಿಂದ ಕ್ಯಾನ್ಸರ್ ಆಗಿ ಗಂಗಾರಾಮನ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಗದ್ದದಡಿ ಬ್ಯಾಟರಿ ಯಂತ್ರ ಒತ್ತಿ ಮಾತಾಡುತ್ತಿದ್ದ. ಏರಿಳಿತವಿಲ್ಲದ, ಗುಂಯ್‌ಗುಡುವ ದನಿ. ಮಗಳು ಭಾಗ್ಯಾಳ ಲಗ್ನ ಮುರಿದೆ, ನನ್ನನ್ನು ಹುಡುಕಬೇಡ ಎಂದು ಆ ದನಿ ನಿನ್ನೆ ಹೇಳಿತ್ತು.

"ಬ್ಯಾರೆ ಏನ್ ಕೇಳಿಸ್ತು?"

"ಚಾ ಕುಡ್ಯಾಕತ್ತಿದ್ದ್ರಿ. ಫೂ ಫೂ ಅಂತ ಊದಾಕತ್ತಿದ್ದ."

ಸುಗಂಧಾ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನು ಹಚ್ಚಿದಳು.

"ಊದಲಾರ," ಎಂದರು ಅವರು. "ಧ್ವನಿಪೆಟ್ಟಿಗೆ ತೆಗೆದ ಮೇಲೆ ಉಸಿರೆಲ್ಲ ಕೊರಳಿನ ತೂತಿನಿಂದಲೇ. ಬಾಯಿಗೆ ಬರುವುದಿಲ್ಲ. ಯಂತ್ರವನ್ನು ಯಾರ ಕೊರಳಿಗೆ ಹಿಡಿದು ತುಟಿ ಆಡಿಸಿದರೂ ಅದೇ ದನಿ."

ಕಾನ್‌ಸ್ಟೆಬಲ್ ಉತ್ತಮನೊಡನೆ ಸುಗಂಧಾ ಗಂಗಾರಾಮನ ಮನೆಗೆ ಹೋದಳು. ಹೆಂಡತಿ ಅಕ್ಕುತಾಯಿ ಜೋಳ ಹಸನು ಮಾಡುತ್ತಿದ್ದಳು. ಅವಳ ಗದ್ದದ ಕೆಳಗೆ ದುಂಡಗೆ ಕೆಂಪು ಗುರುತು.

"ಕೊರಳಿಗೇನಾಗೈತಿ ಅಕ್ಕಾ?"

ಅಕ್ಕುತಾಯಿ ಮೊರ ಕೆಳಗಿಟ್ಟಳು. ಸೊಂಟದಿಂದ ಯಂತ್ರ ತೆಗೆದು ಅದೇ ಗುರುತಿನ ಮೇಲೆ ಒತ್ತಿದಳು. ಅವಳ ತುಟಿ ಆಡಿತು. ಪಡಸಾಲೆಯಲ್ಲಿ ಗಂಗಾರಾಮ ಮಾತಾಡಿದ.

"ತಿಪ್ಪ್ಯಾಗ ಅದಾನ."

ಉತ್ತಮ ಹೊಸ್ತಿಲ ಆಚೆಗೆ ಸರಿದು ನಿಂತ.

ಮಧ್ಯಾಹ್ನ ತಹಶೀಲ್ದಾರರ ಎದುರು ಗೊಬ್ಬರದ ಗುಂಡಿಯಿಂದ ಹೆಣ ತೆಗೆಸಿ ಪಂಚನಾಮೆ ಮಾಡಿದರು. ಕೊಲೆಯ ಎಫ್‌ಐಆರ್ ದಾಖಲಾಯಿತು. ಮಲಗಿದ್ದ ಗಂಡನ ಕೊರಳಿನ ತೂತಿಗೆ ಹಸಿ ಬಟ್ಟೆ ಒತ್ತಿ ಹಿಡಿದೆ ಎಂದಳು ಅಕ್ಕುತಾಯಿ.

"ಬಾಜೂಕ ಭಾಗ್ಯಾ ಮಲಗಿದ್ಲಲ್ಲ. ಒದರಲಿಲ್ಲೇನು ಅಂವ?"

"ಹ್ಯಾಂಗ ಒದರ್ತಾನ್ರಿ?"

ಸುಗಂಧಾಳ ಕೈ ತಾನಾಗಿ ತನ್ನ ಕೊರಳಿಗೆ ಹೋಯಿತು. ಸಂಜೆ ಅವಳು ಅಕ್ಕುತಾಯಿಯನ್ನು ಬಂಧಿಸಿದಳು.

ಭಾಗ್ಯಾ ಶಾಲೆಯಲ್ಲಿ ಎಂಟನೆಯ ಇಯತ್ತೆ, ಗೊತ್ತು ಮಾಡಿದ ವರ ಮೂವತ್ತು ದಾಟಿದವನು. ಲಗ್ನ ಬೇಡವೆಂದು ಅಕ್ಕುತಾಯಿ ಗಂಡನ ಕಾಲು ಹಿಡಿದಿದ್ದಳು, ಬೀಗರ ಮನೆಗೂ ಹೋಗಿ ಬಂದಿದ್ದಳು. "ಹೆಣ್ಮಕ್ಕಳದೇನು ನಡಬರಕ ಮಾತು, ಸುಮ್ಕಿರು ವೈನಿ," ಎಂದು ಮೈದುನ ಅಣ್ಣಾಸಾಬನೇ ಗದರಿದ್ದ.

ಯಂತ್ರ ಹಿಡಿದು ಅವಳು ಮೊದಲು ಫೋನು ಮಾಡಿದ್ದು ವರನ ಅಪ್ಪನಿಗೆ. ಲಗ್ನ ಬ್ಯಾಡ, ಅಂದಳು, ಅಷ್ಟೇ. ಅವನು ಯಾಕೆಂದೂ ಕೇಳಲಿಲ್ಲ.

"ಆತ್ ಬಿಡ್ರಿ," ಎಂದಿದ್ದ. "ನೀವು ಹೇಳಿದ ಮ್ಯಾಲ ಮುಗೀತು."