ಕೊಕ್ಕರೆಯ ತಪ್ಪು ಕಾಲು

"ರೀ! ಆ ಕಾಲಿನ ಫೋಟೋ ಮಾತ್ರ ತೆಗೀಬೇಡಿ!"

ಏಣಿಯ ಮೇಲೆ ನಿಂತು ಗೋಡೆಗೆ ಟೈಲ್ಸ್ ಚೂರುಗಳ ಕೊಕ್ಕರೆ ಅಂಟಿಸುತ್ತಿದ್ದವಳು ಕಿರುಚಿದ ರಭಸಕ್ಕೆ ಒಂದು ಮುದ್ದೆ ಸಿಮೆಂಟು ಕೆಳಗಿದ್ದ ಅಪರಿಚಿತನ ಭುಜದ ಮೇಲೆ ಬಿತ್ತು. ನದಿದಂಡೆಯ ಗೋಡೆಚಿತ್ರಗಳನ್ನು ಒಂದು ಪುಸ್ತಕಕ್ಕಾಗಿ ಸೆರೆಹಿಡಿಯಲು ಬಂದ ಫೋಟೋಗ್ರಾಫರ್ ಅವನು.

"ಯಾಕೆ, ಕಾಲಿಗೇನಾಗಿದೆ?"

"ಕೊಕ್ಕರೆ ಕಾಲು ಹಿಂದಕ್ಕೆ ಮಡಚುತ್ತೆ. ನಾನು ನಮ್ಮ ಮಂಡಿ ಥರ ಮುಂದಕ್ಕೆ ಮಡಚಿಬಿಟ್ಟೆ! ಟೈಲ್ಸ್ ಚೂರು ಸಿಮೆಂಟಲ್ಲಿ ಕೂತುಬಿಟ್ಟಿದೆ, ಕೀಳೋಕಾಗಲ್ಲ. ಯಾರಾದ್ರೂ ನೋಡಿದ್ರೆ ನನ್ನ ಮಾನ ಹೋಗುತ್ತೆ..."

ಅವನು ನಕ್ಕ. ಆ ನಗುವಿಗೆ ಅವಳು ಅಂದೇ ಅರ್ಧ ಸೋತಿದ್ದಳು. ಆಮೇಲೆ ದಿನವೂ ದಂಡೆಯಲ್ಲಿ ಭೇಟಿ, ಜಗಳದಂಥ ಹರಟೆ. ಉಳಿದರ್ಧವೂ ಸೋತಾಯಿತು.

ಆದರೆ ನಿನ್ನೆ ಅವನು ಫೋಟೋಗಳನ್ನು ತೋರಿಸಿದಾಗ ಅವಳ ಮೈಯೆಲ್ಲ ಉರಿದುಹೋಯಿತು. ಒಂದರಲ್ಲಿ ಬಲೆ ಕೊಡವುವ ಬೆಸ್ತ, ಇನ್ನೊಂದರಲ್ಲಿ ಛತ್ರಿ ಬಿಚ್ಚುವ ಅಜ್ಜಿ, ಮತ್ತೊಂದರಲ್ಲಿ ಸೈಕಲ್ಲು. ಯಾವುದನ್ನು ನೋಡಿದರೂ ಕೊಕ್ಕರೆಗೆ ಅಡ್ಡ ಯಾರೋ ಒಬ್ಬರು!

"ನನ್ನ ಹಕ್ಕಿ ಪೂರ್ತಿ ಇರೋದು ಒಂದೂ ಇಲ್ವಾ?"

"ಇಲ್ಲ..."

"ಪೂರ್ತಿ ತೆಗೆಯೋ ಯೋಗ್ಯತೆ ಅದಕ್ಕಿಲ್ಲ ಅಂತಾನಾ? ಇನ್ಮೇಲೆ ನಿಮ್ಮ ಮುಖ ತೋರಿಸ್ಬೇಡಿ!"

ಅವನು ತಲೆ ತಗ್ಗಿಸಿ ಹೋದ. ಇಂದು ಮಧ್ಯಾಹ್ನದ ದೋಣಿಗೆ ಊರನ್ನೇ ಬಿಡುವವನಿದ್ದ.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರುತ್ತೇನೇ?" ಅಕ್ಕ ಗದರಿದಳು.

"ಬರದಿದ್ರೆ ಬೇಡ! ಪುಸ್ತಕಕ್ಕೆ ನಾನೇ ಫೋಟೋ ತೆಗೆದು ಕಳಿಸ್ತೀನಿ!"

ಅಕ್ಕನ ಫೋನ್ ಕಸಿದುಕೊಂಡು ದಂಡೆಗೆ ಹೊರಟಳು, ಅಕ್ಕನೂ ಹಿಂದೆಯೇ ಬಂದಳು. ಟೈಲ್ಸ್ ಮೇಲೆ ಬಿಸಿಲು ಹೊಳೆದು ಕಣ್ಣು ಕುಕ್ಕಿತು. ಒಂದು ಫೋಟೋ ಅಲುಗಿತು, ಒಂದರಲ್ಲಿ ಅವಳದೇ ಬೆರಳು! ಥೂ, ಇಂಥ ಕೆಲಸವನ್ನು ಅವನು ದಿನವಿಡೀ ಹೇಗೆ ಮಾಡುತ್ತಿದ್ದನೋ... ಕೊನೆಗೊಂದು ಸ್ಪಷ್ಟವಾಗಿ ಬಂತು. ದಂಡೆ ಖಾಲಿ, ಹಕ್ಕಿ ಪೂರ್ತಿ.

ನೋಡಿದ ಕೂಡಲೇ ಕಣ್ಣಿಗೆ ಬಿದ್ದದ್ದು ಆ ತಪ್ಪು ಕಾಲು.

ಅವನ ಫೋಟೋಗಳನ್ನು ಒಂದೊಂದಾಗಿ ನೆನೆದಳು. ಬೆಸ್ತನ ಬಲೆ, ಅಜ್ಜಿಯ ಛತ್ರಿ, ಸೈಕಲ್ಲು... ಎಲ್ಲವೂ ಆ ಕಾಲಿನ ಮುಂದೆಯೇ! ಯಾರಾದರೂ ಅಲ್ಲಿಗೆ ಬರಲಿ ಎಂದು ಅವನು ಈ ಬಿಸಿಲಲ್ಲಿ ಎಷ್ಟು ಹೊತ್ತು ಕಾದಿದ್ದನೋ...

ದೋಣಿಕಟ್ಟೆಗೆ ಓಡಿದಳು. ಅವನು ಒಂದು ಕಾಲು ದೋಣಿಯೊಳಗಿಟ್ಟಿದ್ದ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಕಾಲು ನೋಡಿದೀನಿ ಅಂತ ಒಪ್ಕೊಂಡ ಹಾಗಾಗ್ತಿತ್ತಲ್ಲ... ನಿಮ್ಮ ಮಾನದ ಪ್ರಶ್ನೆ!"

"ಪೆದ್ದ! ರಾತ್ರಿಯೆಲ್ಲ ಅತ್ತಿದೀನಿ. ಪ್ರೀತಿ ಇರದಿದ್ರೆ ನಿಮ್ಮ ಮೇಲೆ ಅಷ್ಟು ಸಿಟ್ಟು ಬರ್ತಿತ್ತಾ?"

ದೋಣಿಯೊಳಗಿಟ್ಟ ಕಾಲನ್ನು ಅವನು ಮೆಲ್ಲಗೆ ಹೊರಗೆ ತೆಗೆದ.

"ಇನ್ನೊಂದು ಫೋಟೋ ತೆಗೀಲಾ? ಈ ಸಲ ನೀವೇ ಅಡ್ಡ ನಿಂತ್ಕೊಳ್ಳಿ."

"ಬೇಡ. ಕಾಲು ಕಾಣ್ಲಿ. ಅದರ ಪಕ್ಕ ಇಬ್ರೂ ನಿಲ್ಲೋಣ."

"ಮತ್ತೆ ತೆಗೆಯೋರು?"

"ಅಗೋ, ಅಕ್ಕ ಬರ್ತಿದಾಳೆ. ಅವಳು ತೆಗೆದ್ರೆ ನಮ್ಮಿಬ್ರ ತಲೇನೇ ಇರಲ್ಲ..."

"ಇರದಿದ್ರೂ ಪರವಾಗಿಲ್ಲ," ಎಂದ ಅವನು ಅವಳ ಕೈ ಹಿಡಿದು. "ಇದೊಂದು ಬಂದ್ರೆ ಸಾಕು."