ಕತ್ತಾಳೆ ಹಗ್ಗದ ಇನ್ನೊಂದು ತುದಿ

ಅರ್ಧ ಗಂಟೆ ತಿರುಗಿಸಿದರೂ ನಾರಿಗೆ ಹುರಿ ಏರಲಿಲ್ಲ.

ಬ್ಯಾಟರಾಯನಪುರದ ಆ ಅಂಗಳದಲ್ಲಿ ಈ ತುದಿಗೆ ಕಲಾವತಿ, ಆ ತುದಿಗೆ ಮಹಡಿಯಲ್ಲಿ ಬಾಡಿಗೆಗಿದ್ದ ಸಿದ್ದಲಿಂಗ; ಇಬ್ಬರ ಕೈಯಲ್ಲೂ ನಾರಿನ ತುದಿ ಕಟ್ಟಿದ ಕಡ್ಡಿ. ನಡುವೆ ಇಪ್ಪತ್ತಡಿ ಕತ್ತಾಳೆ ನಾರು ಸುಮ್ಮನೆ ಗಿರಗಿರನೆ ಸುತ್ತುತ್ತಿತ್ತು.

ಪ್ರತಿ ಕಾರ್ತಿಕದಲ್ಲೂ ಬಸವಣ್ಣನ ಗುಡಿಯ ಗಂಟೆಗೆ ಹೊಸ ಹಗ್ಗ ಹೊಸೆಯುತ್ತಿದ್ದವರು ಅವಳ ತಂದೆ ಮುನಿಗಂಗಪ್ಪ. ಕಳೆದ ಮಾಘದಲ್ಲಿ ಅವರು ಶಿವನ ಪಾದ ಸೇರಿದರು. "ನಾಳೆ ಸೋಮವಾರ. ಆಗದಿದ್ರೆ ನೈಲಾನ್ ಕಟ್ಟೋಣ ಬಿಡಮ್ಮ" ಎಂದಿದ್ದರು ಗುಡಿಯವರು. ಚಿಕ್ಕಬಾಣಾವರದ ರೈಲು ಹಳಿಯ ಪಕ್ಕದಿಂದ ಎಲೆ ಕೊಯ್ದು ತಂದು, ಕೊಳೆಹಾಕಿ, ಜಜ್ಜಿ, ತುರಿಕೆ ಸಹಿಸಿ ಅವಳು ನಾರು ತೆಗೆದದ್ದು ನೈಲಾನಿಗೆ ಸೋಲುವುದಕ್ಕಲ್ಲ.

ಇನ್ನೊಂದು ತುದಿ ಹಿಡಿಯುತ್ತಿದ್ದ ತಾಯಿ ಗೋಪಾಲಮ್ಮನ ಮಣಿಕಟ್ಟು ಮುರಿದಿತ್ತು. ಸಿದ್ದಲಿಂಗನನ್ನು ಕೂಗಿ ಕರೆದವರು ಅವರೇ.

"ರೀ, ಕೈ ನೋಡ್ತಿದ್ದೀರೋ, ಮುಖ ನೋಡ್ತಿದ್ದೀರೋ?" ಎಂದಳು ಕಲಾವತಿ.

"ಕೈ ಅಂತೂ ಅಲ್ರಿ."

ಅವಳ ಕೆನ್ನೆ ಬಿಸಿಯಾಯಿತು. ಆಗಲೇ ಅವಳಿಗೆ ಕಂಡದ್ದು: ಅವನು ಕಡ್ಡಿ ತಿರುಗಿಸುತ್ತಿದ್ದುದು ಎಡಗೈಯಲ್ಲಿ, ಎಡಕ್ಕೆ!

"ಅಯ್ಯೋ ದೇವ್ರೇ! ನಾನು ಏರಿಸಿದ್ದನ್ನೆಲ್ಲ ನೀವು ಇಳಿಸ್ತಿದ್ದೀರಲ್ರೀ!"

"ನಾ ಎಡಚ ಅದೀನಿ. ಊರಾಗ ಪುಂಡಿ ನಾರು ಒಬ್ಬನ ಕುಂತು ಹೊಸೀತಿದ್ದೆ. ಜೋಡಿ ಇದ್ದಿಲ್ಲ, ಗೊತ್ತಾಗಿಲ್ಲ."

"ಹಾಗಾದ್ರೆ ಬೆನ್ನು ಹಾಕಿ ನಿಂತ್ಕೊಳ್ಳಿ. ಎಡಗೈನೇ ಸರಿಹೋಗುತ್ತೆ."

ಸಿದ್ದಲಿಂಗ ಕದಲಲಿಲ್ಲ.

"ಬ್ಯಾಡ್ರಿ, ಬಲಗೈ ಕಲೀತೀನಿ. ಎರಡು ವರ್ಷ ಮೆಟ್ಟಿಲ ಮ್ಯಾಲಿಂದ ಕದ್ದು ನೋಡೀನಿ. ಇವತ್ತ ಎದುರಿಗೆ ನಿಂತಾಗ ಬೆನ್ನು ಹಾಕ್ಲೇನು?"

ಕಲಾವತಿ ತಲೆ ತಗ್ಗಿಸಿದಳು. ಆದರೂ ಕಡ್ಡಿ ಬಿಡಲಿಲ್ಲ.

ಅವನ ಬಲಗೈ ತಡವರಿಸಿತು, ಆಮೇಲೆ ದಾರಿಗೆ ಬಂತು. ಹುರಿ ಏರಿದಂತೆಲ್ಲ ನಾರು ಕುಗ್ಗಿ ಇಬ್ಬರನ್ನೂ ಹೆಜ್ಜೆಹೆಜ್ಜೆಯಾಗಿ ಹತ್ತಿರಕ್ಕೆಳೆಯಿತು. ಇನ್ನು ಅದನ್ನು ಮಡಚಿ ಎರಡೂ ತುದಿ ಜೋಡಿಸಬೇಕು. ಗೋಪಾಲಮ್ಮ ಸರಿಯಿದ್ದ ಕೈಯಲ್ಲಿ ಹುರಿಯ ನಡುಭಾಗ ಹಿಡಿದರು. ತನ್ನ ತುದಿಯೊಂದಿಗೆ ಅವನು ಅವಳ ಮುಂದೆ ಬಂದು ನಿಂತ.

"ಹೊರಗಿನವರಿಗೆ ಈ ತುದಿ ಕೊಡಬಾರ್ದು ಅಂತಿದ್ರು ಅಪ್ಪ" ಎಂದಳು ಮೆಲ್ಲಗೆ.

ಅವನ ಮುಖ ಬಾಡಿತು. ಗೋಪಾಲಮ್ಮ ಗದರಿದರು: "ಇಂಗ್ಯಾಕೆ ಮುಖ ಬಾಡಿಸ್ಕೊಂಡು ನಿಂತೆ? ಹೊರಗಿನೋನು ಅಂದ್ಕೊಂಡಿದ್ರೆ ನಾನ್ಯಾಕಪ್ಪ ನಿನ್ನನ್ನ ಕರೀತಿದ್ದೆ?"

ಕಲಾವತಿ ನಗುತ್ತ ಅಂಗೈ ಚಾಚಿದಳು. ತುದಿ ಕೊಟ್ಟ ಕೈ ಹಿಂದೆ ಹೋಗಲಿಲ್ಲ. ಇವಳೂ ಬಿಡಲಿಲ್ಲ.

ಸೋಮವಾರ ಬೆಳಗ್ಗೆ ಕಲಾವತಿ ಹೊಸ ಹಗ್ಗ ಹಿಡಿದೆಳೆದಾಗ ಗಂಟೆ ಖಣಿಲೆಂದಿತು. ಅಪ್ಪನಿಗೆ ಅದು ಕೇಳಿಸಿತೆಂದು ಅವಳಿಗೆ ಸಂಶಯವೇ ಇರಲಿಲ್ಲ. ಪಕ್ಕದಲ್ಲಿ ಸಿದ್ದಲಿಂಗ ಕಣ್ಮುಚ್ಚಿ ಕೈಮುಗಿದಿದ್ದ. ನಡುನಡುವೆ ಕತ್ತಾಳೆ ನಾರು ತಾಗಿದ ಬಲ ಅಂಗೈಯನ್ನು ಪರಪರನೆ ಕೆರೆದುಕೊಳ್ಳುತ್ತಿದ್ದ.