ಕೆಳಕ್ಕೆ ಒಂದೇ ಓಟು

'ಶುಭವಾಗಲಿ ಸರ್' ಅಂತ ಹೆಸರು ಹಾಕಿ ಬರೆದವಳೂ ನಾನೇ. ಮರುಕ್ಷಣ ಸದ್ದಿಲ್ಲದೆ ಕೆಳಬಾಣ ಒತ್ತಿದವಳೂ ನಾನೇ. ಇವರಿಬ್ಬರಲ್ಲಿ ಯಾರು ನಾನು...?

ಡೈರಿಯಲ್ಲಿ ಇಷ್ಟು ಬರೆದು ಅಂಬಿಕ ಬೇತಮಂಗಲದಲ್ಲಿ ಬಸ್ಸು ಹತ್ತಿದ್ದಳು. ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಹೋಟೆಲಿನ ಮೆಟ್ಟಿಲನ್ನು ಎರಡು ಸಲ ಹತ್ತಿ ಎರಡು ಸಲ ಇಳಿದಳು.

"ಅಂಬಿಕ ಅಲ್ವಾ?"

ಬಾಗಿಲಲ್ಲಿ ನವನೀತ್. ಫೋಟೋದಲ್ಲಿದ್ದುದಕ್ಕಿಂತ ಎತ್ತರ.

"ಹೇಗೆ ಗೊತ್ತಾಯ್ತು?"

"ಒಳಗೆ ಬರೋಕೇ ಇಷ್ಟು ಯೋಚನೆ ಮಾಡ್ತಿದೀರಲ್ಲ, ಇನ್ಯಾರು?"

"ಹೂಂ" ಎಂದಳು. ಎರಡು ವರ್ಷದ ಮೇಲೆ ಬರೀ ಹೂಂ...!

ಅಷ್ಟು ದಿನವೂ ಅವರ ಪರಿಚಯ 'ಚಿನ್ನದೂರ ಹರಟೆಕಟ್ಟೆ' ಎಂಬ ಆನ್‌ಲೈನ್ ವೇದಿಕೆಯಲ್ಲಿ ಮಾತ್ರ. ಬಿ.ಎಡ್. ಸೀಟಿನ ಬಗ್ಗೆ ಅವಳು ಹೆದರಿ ಹೆದರಿ ಕೇಳಿದ ಮೊದಲ ಪ್ರಶ್ನೆಗೆ ಉಳಿದವರು ತಮಾಷೆ ಮಾಡಿದ್ದರು. ಕಾರ್ಖಾನೆಯ ಇಂಜಿನಿಯರ್ ನವನೀತ್ ಒಬ್ಬನೇ ಮೂರು ಪ್ಯಾರಾ ಉತ್ತರ ಬರೆದಿದ್ದ. ಅಂದಿನಿಂದ ಅವನು ಬರೆದದ್ದಕ್ಕೆಲ್ಲ ಅವಳ ಮೇಲ್ಬಾಣ, ಅಂದರೆ ಒಪ್ಪಿಗೆಯ ಓಟು, ತಪ್ಪದೆ ಬೀಳುತ್ತಿತ್ತು. ಕಾಮೆಂಟು ಮಾತ್ರ ನಾಲ್ಕೇ ನಾಲ್ಕು. ಕಾಮೆಂಟಿಗೆ ಹೆಸರಿರುತ್ತದೆ. ಓಟಿಗೆ ಬರೀ ಎಣಿಕೆ.

ಮೊನ್ನೆ ಅವನು ಕಟ್ಟೆಯಲ್ಲಿ ಕೇಳಿದ್ದ: 'ನಾಗಪುರಕ್ಕೆ ಬಡ್ತಿ ಬಂದಿದೆ. ಹೋಗಲೇ?' ಮೂವತ್ತೊಂದು ಕಾಮೆಂಟು, ಎಲ್ಲವೂ ಅಭಿನಂದನೆ. ಮೇಲಕ್ಕೆ ನಲವತ್ತೇಳು ಓಟು. ಕೆಳಕ್ಕೆ, ಬೇಡವೆಂದು, ಒಂದು.

ಅವನೂ ಹೋಗುವುದೆಂದು ತೀರ್ಮಾನಿಸಿದ್ದ. ಇವತ್ತು ಕಟ್ಟೆಯವರೆಲ್ಲ ಸೇರಿ ಅವನಿಗೆ ಬೀಳ್ಕೊಡುಗೆ.

ಒಳಗೆ ಮುನೀಂದ್ರ ವಡೆ ಮುರಿಯುತ್ತ ಕೂತಿದ್ದ. ಈ ಬಡ್ತಿಯೊಂದನ್ನು ಬಿಟ್ಟು ನವನೀತ್ ಏನೇ ಬರೆಯಲಿ, ಜಗಳಕ್ಕೆ ಬೀಳುವ ಎಲೆಕ್ಟ್ರಿಕಲ್ ಅಂಗಡಿಯವನು.

"ಆ ಒಂದು ಕೆಳಗಿನ ಓಟು ನಿಮ್ದೇ ಅಲ್ವಾ ಮುನೀಂದ್ರಣ್ಣ?" ನವನೀತ್ ಕೇಳಿದ.

"ನಂದ್ಯಾಕ್ಲಾ ಆಯ್ತದೆ? ನೀನು ಬರ್ದಿದ್ದಕ್ಕೆಲ್ಲ ಮೇಲಕ್ಕೇ ಒತ್ತಿವ್ನಿ. ಒಂದೂ ಬಿಟ್ಟಿಲ್ಲ."

"ಮತ್ತೆ ನಾನು ಊರಿನ ನೀರಿನ ಬಗ್ಗೆ ಬರೆದಿದ್ದಕ್ಕೆ ನಲವತ್ತು ಕಾಮೆಂಟು ಹಾಕಿ ಬೈದ್ರಲ್ಲ?"

"ಬೈಯೋದು ನಾಕು ಜನ ಓದ್ಲಿ ಅಂತ ಕಣ್ಲಾ. ಒತ್ತೋದು ಯಾರಿಗ್ ಕಾಣ್ತದೆ, ಅಲ್ಯಾಕೆ ಸುಳ್ಳಾಡ್ಲಿ?"

ಇಡೀ ಮೇಜು ನಕ್ಕಿತು. ಮುನೀಂದ್ರ ಸುತ್ತಲೂ ನೋಡಿದ. "ಅಂಗಾದ್ರೆ ಇವನು ಓಗೋದು ಬ್ಯಾಡ ಅನ್ನೋರು ಯಾರಪ್ಪ ಇಲ್ಲಿ?"

ಅಂಬಿಕ ಕಾಫಿ ಲೋಟದೊಳಗೇ ನೋಡುತ್ತಿದ್ದಳು.

"ಬಿಡಿ, ಯಾರೋ ತಪ್ಪಿ ಒತ್ತಿರ್ಬೇಕು" ಎಂದ ನವನೀತ್. ಮುಖದ ನಗು ಇಳಿದಿತ್ತು. ಅವಳತ್ತ ಬಾಗಿ ಮೆಲ್ಲಗೆ ಹೇಳಿದ: "ನಾಳೆ ಒಪ್ಪಿಗೆ ಪತ್ರ ಕೊಡ್ತಿದೀನಿ. ನೀವೂ ಹಾರೈಸಿದ್ರಿ. ಥ್ಯಾಂಕ್ಸ್."

ಈಗ ಸುಮ್ಮನಿದ್ದರೆ ಆ ಕಾಮೆಂಟೇ ನಿಜವಾಗಿಬಿಡುತ್ತದೆ... ಎದ್ದು ನಿಂತಳು. ಕುರ್ಚಿ ಕಿರ್ರೆಂದಿತು.

"ತಪ್ಪಿ ಒತ್ತಿಲ್ಲ. ನಾನೇ ಒತ್ತಿದ್ದು."

ಇಪ್ಪತ್ತು ತಲೆಗಳು ತಿರುಗಿದವು. ನವನೀತ್ ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡ.

"ಮತ್ತೆ 'ಶುಭವಾಗಲಿ ಸರ್'?"

"ಎಲ್ಲರೂ ಅದನ್ನೇ ಬರೆದಿದ್ರು. ನಾನೊಬ್ಬಳು ಬೇರೆ ಬರೆದ್ರೆ... ಹೆಸರು ಕಾಣುತ್ತಲ್ಲ."

"ಎರಡೇ ನಿಮಿಷಕ್ಕೆ ಬರೆದ್ರಿ. ಆ ಪ್ರಶ್ನೆ ಹಾಕಿದ್ದೇ ನೀವು ಬೇಡ ಅಂತೀರೇನೋ ಅಂತ. ಇಡೀ ದಿನ ಊಟ ಸೇರಲಿಲ್ಲ ನಂಗೆ."

ಅಂಬಿಕ ತಲೆ ತಗ್ಗಿಸಿದಳು. ಇಷ್ಟು ದಿನ ಅವನೂ ಕಾಯುತ್ತಿದ್ದನೇ...?

"ಬಡ್ತಿ ಇನ್ನೊಂದು ವರ್ಷ ಬಿಟ್ಟು ಇಲ್ಲೇ ಬರುತ್ತೆ" ಎಂದ ನವನೀತ್. "ಆದ್ರೆ ಯಾಕೆ ನಿಲ್ಲಬೇಕು ಅಂತ ಒಬ್ಬರಾದ್ರೂ ಹೇಳಬೇಕಲ್ಲ?"

"ಮಾತಾಡಮ್ಮ" ಮುನೀಂದ್ರ ತಟ್ಟೆ ಸರಿಸಿದ. "ಇಲ್ಲಿ ಒತ್ತಾಕೆ ಬಾಣ ಇಲ್ಲ."

ಅವಳು ತಲೆ ಎತ್ತಿದಳು. ಯಾರು ನೋಡುತ್ತಿದ್ದಾರೆ ಎಂದು ನೋಡಲಿಲ್ಲ.

"ಹೋಗ್ಬೇಡಿ ನವನೀತ್" ಎಂದಳು, ಇಡೀ ಹೋಟೆಲಿಗೆ ಕೇಳುವಂತೆ. "ನಂಗೆ ನೀವು ಅಂದ್ರೆ ತುಂಬಾ ಇಷ್ಟ."